ಬರದ ಸೀಮೆಯಲ್ಲಿ ಮನೆಯಂಗಳದ ಹಳೆಯ ಮರ: ಉಳಿಸಿಕೊಳ್ಳುವುದು ಹೇಗೆ?

ಕುಣಿಕೋಣೂರ (ತಾ. ಜತ್ತ, ಜಿ. ಸಾಂಗಲಿ): ಏಪ್ರಿಲ್ ಮುಗಿಯುವ ಹೊತ್ತಿಗೆ ಈ ಭಾಗದಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ತಗಡಿನ ಮನೆಯೊಳಗೆ ಮಧ್ಯಾಹ್ನ ಕೂಡ್ರಲು ಆಗುವುದಿಲ್ಲ. ಮುದುಕರಿಗೆ, ಕೂಸಿಗೆ, ಕಟ್ಟಿದ ಎಮ್ಮೆಗೆ, ಕುರಿಮರಿಗೆ ಎಲ್ಲರಿಗೂ ಅಂಗಳದ ಬೇವಿನ ಮರವೇ ಆಸರೆ. ಮದುವೆ ಹಂದರ ಹಾಕುವುದು, ಶೇಂಗಾ ಬಿಡಿಸುವುದು, ಜಗಳ ತೀರಿಸುವುದು ಎಲ್ಲವೂ ಅದರ ಕೆಳಗೆ. ಆದರೂ ಆ ಮರಕ್ಕೆ ಆರೈಕೆ ಬೇಕು ಎಂಬ ಮಾತು ಬರುವುದು ಅದರ ತುದಿ ಒಣಗಿದ ಮೇಲೆಯೇ.

ಪ್ರತಿ ಜೂನ್ ತಿಂಗಳಲ್ಲಿ ಸಸಿ ನೆಡುವ ಕಾರ್ಯಕ್ರಮ ನಡೆಯುತ್ತದೆ, ಫೋಟೊ ತೆಗೆಸಿಕೊಳ್ಳುತ್ತಾರೆ. ಒಳ್ಳೆಯದೇ. ಆದರೆ ನಲವತ್ತು-ಐವತ್ತು ವರ್ಷದ ಒಂದು ಬೇವು ಅಥವಾ ಹುಣಸಿ ಹೋದರೆ ಅದರ ನೆರಳು ಮತ್ತೆ ಬರಲು ಇನ್ನೊಂದು ತಲೆಮಾರು ಹಿಡಿಯುತ್ತದೆ. ನೀರಿಲ್ಲದ ಊರಿನಲ್ಲಿ ಹತ್ತು ಸಸಿ ನೆಟ್ಟು ಬದುಕಿಸುವುದಕ್ಕಿಂತ ಇರುವ ಒಂದು ಮರವನ್ನು ಉಳಿಸುವುದು ಕಡಿಮೆ ಖರ್ಚಿನ ಕೆಲಸ. ಇದಕ್ಕೆ ಬೇಕಾದ್ದು ಹಾರೆ, ಬುಟ್ಟಿ, ಬಚ್ಚಲ ನೀರು ಮತ್ತು ಮರದ ಬೇರು ಎಲ್ಲಿದೆ ಎಂಬ ತಿಳಿವಳಿಕೆ.

ಮುಖ್ಯ ವಿಷಯ ಇಷ್ಟೇ: ಹಳೆಯ ಮರ ಒಂದೇ ದಿನದಲ್ಲಿ ಸಾಯುವುದಿಲ್ಲ. ಅದರ ಬೇರಿಗೆ ಇಂದು ಬಿದ್ದ ಪೆಟ್ಟು ಎರಡು ವರ್ಷಕ್ಕೆ, ಕೆಲವು ಸಲ ನಾಲ್ಕೈದು ವರ್ಷಕ್ಕೆ ತುದಿಯಲ್ಲಿ ಕಾಣುತ್ತದೆ. ಅಷ್ಟರಲ್ಲಿ ಅಂಗಳಕ್ಕೆ ಕಾಂಕ್ರೀಟ್ ಹಾಕಿದ್ದು, ಪೈಪಿಗಾಗಿ ಜೆಸಿಬಿ ಓಡಿಸಿದ್ದು ಎಲ್ಲರಿಗೂ ಮರೆತಿರುತ್ತದೆ. "ಬರಕ್ಕೆ ಒಣಗಿತು" ಎಂದು ಹೇಳಿ ಕೊಡಲಿ ತರುತ್ತಾರೆ.

ಈ ನೆಲ, ಈ ಮಳೆ

ಜತ್ತ ತಾಲೂಕು ಸಹ್ಯಾದ್ರಿಯ ಮಳೆನೆರಳಿನ ಪ್ರದೇಶದಲ್ಲಿದೆ. ಇದೇ ಸಾಂಗಲಿ ಜಿಲ್ಲೆಯ ಪಶ್ಚಿಮ ತುದಿಯ ಶಿರಾಳದಲ್ಲಿ ಭತ್ತ ಬೆಳೆಯುವಷ್ಟು ಮಳೆಯಾದರೆ, ಪೂರ್ವದ ಜತ್ತದಲ್ಲಿ ವರ್ಷಕ್ಕೆ 500 ಮಿ.ಮೀ. ಆಸುಪಾಸು ಬಿದ್ದರೆ ಒಳ್ಳೆಯ ವರ್ಷ. ಅದೂ ಮುಂಗಾರಿನಲ್ಲಿ ಕಡಿಮೆ, ಉತ್ತರಿ-ಹಸ್ತ ಮಳೆಯಲ್ಲಿ, ಅಂದರೆ ಸಪ್ಟಂಬರ್ ಮತ್ತು ಅಕ್ಟೋಬರ್ ಮೊದಲ ವಾರದಲ್ಲಿ ಹೆಚ್ಚು. 1972ರ ಬರವನ್ನು ಹಿರಿಯರು ಇಂದಿಗೂ ನೆನೆಯುತ್ತಾರೆ. 2012ರ ಬರದಲ್ಲಿ ಮತ್ತು ಮತ್ತೆ 2022ರಲ್ಲಿ ಇಲ್ಲಿಯ ನೀರಿನ ಪ್ರಶ್ನೆ ಗಡಿ ಪ್ರಶ್ನೆಯಾಗಿ ಎರಡೂ ರಾಜ್ಯಗಳ ರಾಜಧಾನಿಗೆ ಮುಟ್ಟಿತ್ತು. ಮಳೆಯ ಲೆಕ್ಕದಲ್ಲಿ ಇದು ಮರುಭೂಮಿಯಲ್ಲ. ಆದರೆ ಮಾರ್ಚ್‌ನಿಂದ ಜೂನ್‌ವರೆಗೆ ಮರವೊಂದು ಅನುಭವಿಸುವುದು ಮರುಭೂಮಿಯ ಬದುಕನ್ನೇ.

ನೆಲ ಎರಡು ಬಗೆ. ತಗ್ಗಿನಲ್ಲಿ ಎರಿ ಭೂಮಿ, ಏರಿನಲ್ಲಿ ಒಂದೆರಡು ಅಡಿ ಮಣ್ಣು, ಅದರ ಕೆಳಗೆ ಮುರುಮ, ಆಮೇಲೆ ಕರಿಕಲ್ಲು. ಎರಿ ಭೂಮಿ ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರುಕು ಬಿಡುತ್ತದೆ. ಆ ಬಿರುಕಿನಲ್ಲಿ ಕೂದಲಿನಂಥ ಬೇರುಗಳು ಹರಿಯುತ್ತವೆ, ಬಿಸಿ ಗಾಳಿ ಒಳಗೆ ಹೋಗಿ ಉಳಿದ ತೇವವನ್ನೂ ಎಳೆದುಕೊಳ್ಳುತ್ತದೆ. ಮುರುಮದ ನೆಲದಲ್ಲಿ ಬೇರು ಕೆಳಗೆ ಇಳಿಯಲಾರದೆ ಅಡ್ಡಕ್ಕೆ ಹರಡುತ್ತದೆ. ಹೀಗಾಗಿ ಮುರುಮದ ಮೇಲಿನ ಮರಕ್ಕೆ ಸುತ್ತಲಿನ ನೆಲವನ್ನು ಅಗೆದರೆ, ಮುಚ್ಚಿದರೆ ಬೇಗ ಪೆಟ್ಟು.

ನೀರು ಎಲ್ಲಿಗೆ ಹಾಕಬೇಕು?

ಬುಡಕ್ಕೆ ಕೊಡದಿಂದ ನೀರು ಸುರಿಯುವುದು ಎಲ್ಲರ ರೂಢಿ. ಪೂಜೆಗೆ ಅದು ಸರಿ, ಮರಕ್ಕೆ ಅದರಿಂದ ಹೆಚ್ಚೇನೂ ಆಗುವುದಿಲ್ಲ. ಬುಡದ ದಪ್ಪ ಬೇರುಗಳು ಮರವನ್ನು ಹಿಡಿದು ನಿಲ್ಲಿಸುವ ಗೂಟಗಳಿದ್ದಂತೆ. ನೀರು ಕುಡಿಯುವ ಸಣ್ಣ ಬೇರುಗಳು ದೂರದಲ್ಲಿ, ಕೊಂಬೆಗಳ ತುದಿ ಎಲ್ಲಿಗೆ ಮುಗಿಯುತ್ತದೋ ಅಲ್ಲಿ ಮತ್ತು ಅದರಾಚೆ ಇರುತ್ತವೆ. ಅವುಗಳಲ್ಲಿ ಹೆಚ್ಚಿನವು ಮೇಲಿನ ಎರಡು ಅಡಿ ಮಣ್ಣಿನಲ್ಲೇ ಇರುತ್ತವೆ. ಬೇವು, ಬನ್ನಿ, ಜಾಲಿಯಂಥ ಮರಗಳು ಆಳಕ್ಕೂ ಬೇರು ಬಿಡುತ್ತವೆ ನಿಜ, ಆದರೆ ಅವು ಕೂಡ ಮೇಲ್ಮಣ್ಣಿನ ಬೇರುಗಳನ್ನು ಬಿಟ್ಟು ಬದುಕುವುದಿಲ್ಲ.

ಆ ಜಾಗ ಗುರುತಿಸಲು ಮೇ ತಿಂಗಳ ಮೊದಲ ಎರಡು ವಾರ ಅನುಕೂಲ. ಆಗ ಈ ಸೀಮೆಯಲ್ಲಿ ನಡುಮಧ್ಯಾಹ್ನ ಸೂರ್ಯ ನೆತ್ತಿಯ ಮೇಲೇ ಬರುತ್ತಾನೆ. ಮರದ ನೆರಳು ಎಲ್ಲಿ ಮುಗಿಯುತ್ತದೋ ಅಲ್ಲಿ ಸುಣ್ಣದಿಂದ ಗೆರೆ ಎಳೆಯಬೇಕು. ಆ ಗೆರೆಯ ಒಳಗೆ ಅರ್ಧ ಮೀಟರ್, ಹೊರಗೆ ಅರ್ಧ ಮೀಟರ್ ಅಗಲದ ಪಟ್ಟಿಯೇ ನೀರು ಹಾಕುವ ಜಾಗ. ಕಾಲುವೆ ತೋಡಬಾರದು, ತೋಡಿದರೆ ಬೇರು ಹರಿಯುತ್ತವೆ. ಹೊರಗಿನಿಂದ ಮಣ್ಣು ತಂದು ಗೇಣುದ್ದ ಎತ್ತರದ ಬದು ಎರಡೂ ಬದಿಗೆ ಹಾಕಿದರೆ ಸಾಕು.

ಎಷ್ಟು ನೀರು ಎಂಬುದನ್ನು ಲೆಕ್ಕ ಹಾಕಿ ನೋಡಬಹುದು. ಬುಡದಿಂದ 5 ಮೀಟರ್ ದೂರಕ್ಕೆ ಕೊಂಬೆ ಚಾಚಿದ ಬೇವಿನ ಸುತ್ತ ಇಂಥ ಒಂದು ಮೀಟರ್ ಅಗಲದ ಪಟ್ಟಿಯ ವಿಸ್ತೀರ್ಣ ಸುಮಾರು 31 ಚದರ ಮೀಟರ್. ಒಣಗಿದ ನೆಲ ಒಂದೂವರೆ-ಎರಡು ಅಡಿ ಆಳ ತೋಯಬೇಕಾದರೆ ಚದರ ಮೀಟರಿಗೆ 100 ಲೀಟರ್ ಬೇಕು ಎಂದು ಹಿಡಿದರೆ ಒಟ್ಟು 3,100 ಲೀಟರ್. ಟ್ಯಾಂಕರ್ ಹಾದಿ ಕಾಯುವ ಊರಿನಲ್ಲಿ ಇಷ್ಟು ನೀರು ಒಮ್ಮೆಲೇ ಯಾರೂ ಮರಕ್ಕೆ ಹಾಕಲಾರರು, ಹಾಕಬೇಕಾಗಿಯೂ ಇಲ್ಲ. ಪಟ್ಟಿಯನ್ನು ನಾಲ್ಕು ಪಾಲು ಮಾಡಿ ವಾರಕ್ಕೆ ಒಂದು ಪಾಲಿಗೆ ನೀರು ಹಾಕಿದರೆ ತಿಂಗಳಿಗೆ ಒಂದು ಸುತ್ತು ಮುಗಿಯುತ್ತದೆ. ಒಂದು ಪಾಲಿಗೆ ಬೇಕಾಗುವುದು ಸುಮಾರು 780 ಲೀಟರ್, ಅಂದರೆ ನಾಲ್ಕು ಬ್ಯಾರಲ್. ಐದು ಜನರ ಮನೆಯಲ್ಲಿ ಒಬ್ಬರಿಗೆ ಒಂದು ಬಕೆಟ್, 20 ಲೀಟರ್ ಜಳಕದ ನೀರು ಎಂದರೂ ದಿನಕ್ಕೆ 100, ವಾರಕ್ಕೆ 700 ಲೀಟರ್. ಬಚ್ಚಲ ನೀರಿನಲ್ಲೇ ಕೆಲಸ ಮುಗಿಯಿತು. ಗಟಾರಕ್ಕೆ ಹೋಗಿ ಸೊಳ್ಳೆ ಸಾಕುವ ನೀರು ಮರಕ್ಕೆ ಹೋದರೆ ಎರಡು ಕೆಲಸ ಒಮ್ಮೆಗೇ ಆಗುತ್ತವೆ.

ಬಚ್ಚಲ ನೀರಿಗೆ ಎರಡು ಎಚ್ಚರಿಕೆ. ಮೈಸೋಪಿನ ನೀರು ನಡೆಯುತ್ತದೆ. ಬಟ್ಟೆ ತೊಳೆಯುವ ಪುಡಿ, ಸೋಡಾ, ಬ್ಲೀಚಿಂಗ್ ಪೌಡರ್, ಫಿನಾಯಿಲ್ ಬೆರೆತ ನೀರು ಬೇಡ. ಇನ್ನು ಪೈಪಿನ ಬಾಯಿ ಒಂದೇ ಕಡೆ ಇರಬಾರದು. ವರ್ಷಗಟ್ಟಲೆ ಒಂದೇ ಜಾಗದಲ್ಲಿ ಬಿದ್ದರೆ ಅಲ್ಲಿಯ ಬೇರು ಕೊಳೆಯುತ್ತದೆ, ಉಳಿದ ಮೂರು ದಿಕ್ಕು ಒಣಗಿರುತ್ತದೆ. ರಬ್ಬರ್ ಪೈಪ್ ಹಾಕಿ ವಾರಕ್ಕೊಮ್ಮೆ ಜಾಗ ಬದಲಿಸಬೇಕು.

ನೀರು ಎಷ್ಟು ಆಳಕ್ಕೆ ಇಳಿಯಿತು ಎಂದು ತಿಳಿಯುವುದು ಸುಲಭ. ಅಮೆರಿಕದ ಅರಿಝೋನಾ ಮರುಭೂಮಿಯ ಫೀನಿಕ್ಸ್ ನಗರದಲ್ಲಿ ಮನೆ ಮನೆಗೆ ಹೇಳಿಕೊಡುವ ಒಂದು ಸೂತ್ರವಿದೆ: ಹೂವಿನ ಗಿಡಕ್ಕೆ ಒಂದು ಅಡಿ, ಪೊದೆಗೆ ಎರಡು ಅಡಿ, ಮರಕ್ಕೆ ಮೂರು ಅಡಿ ಆಳ ತೇವವಾಗಬೇಕು. ಅದನ್ನು ಪರೀಕ್ಷಿಸಲು ಅವರು ಬಳಸುವುದು ಒಂದು ಕಬ್ಬಿಣದ ಸರಳು. ನೀರು ಹಾಕಿದ ಮರುದಿನ ಸರಳನ್ನು ಕೈಯಿಂದ ಒತ್ತಿದರೆ ತೇವವಿರುವ ತನಕ ಸರಾಗವಾಗಿ ಇಳಿದು, ಒಣ ಮಣ್ಣು ಸಿಕ್ಕೊಡನೆ ನಿಲ್ಲುತ್ತದೆ. ನಮ್ಮ ಕಡೆ ಮುರುಮದ ಕಲ್ಲು ತಾಕಿಯೂ ನಿಲ್ಲಬಹುದು, ಹಾಗಾಗಿ ಮೂರು-ನಾಲ್ಕು ಕಡೆ ಒತ್ತಿ ನೋಡಬೇಕು. ಮೂರು ಅಡಿ ಇಲ್ಲಿ ಎಲ್ಲ ಕಡೆ ಸಾಧ್ಯವಿಲ್ಲ. ಎರಡು ಅಡಿ ತೋಯ್ದರೆ ಸಮಾಧಾನ ಪಟ್ಟುಕೊಳ್ಳಬೇಕು. ದಿನಾ ಒಂದು ತಂಬಿಗೆ ಚಿಮುಕಿಸುವುದಕ್ಕಿಂತ ತಿಂಗಳಿಗೊಮ್ಮೆ ಆಳಕ್ಕೆ ತೋಯಿಸುವುದು ಎಷ್ಟೋ ಮೇಲು. ಮೇಲೆ ಮೇಲೆ ತೋಯಿಸಿದ ನೀರು ಸಂಜೆಯೊಳಗೆ ಆವಿಯಾಗಿ ಹೋಗುತ್ತದೆ.

ಯಾವ ಮರಕ್ಕೆ, ಯಾವಾಗ?

ಎಲ್ಲ ಮರಕ್ಕೂ ಪ್ರತಿ ವರ್ಷ ನೀರು ಬೇಕಾಗಿಲ್ಲ. ಬೇವು (ಕಡುನಿಂಬ), ಹುಣಸಿ (ಚಿಂಚ), ಬನ್ನಿ (ಶಮಿ), ಜಾಲಿ (ಬಾಭೂಳ), ಹೊಂಗೆ (ಕರಂಜ) ಇವು ಒಮ್ಮೆ ಬೇರೂರಿದ ಮೇಲೆ ಸಾಧಾರಣ ಮಳೆಯ ವರ್ಷದಲ್ಲಿ ತಮ್ಮನ್ನು ತಾವೇ ನೋಡಿಕೊಳ್ಳುತ್ತವೆ. ಉತ್ತರಿ-ಹಸ್ತ ಕೈಕೊಟ್ಟ ವರ್ಷ ಮಾತ್ರ ಇವಕ್ಕೆ ಕೈ ಹಿಡಿಯಬೇಕು. ಮಾವು, ತೆಂಗು, ಸಂಪಿಗೆ, ಪೇರಲ ಇದ್ದರೆ ಪ್ರತಿ ಬೇಸಿಗೆಯಲ್ಲೂ ನೀರು ಬೇಕು. ಆಲ (ವಡ), ಅರಳಿ (ಪಿಂಪಳ), ಅತ್ತಿ (ಉಂಬರ) ಇವುಗಳ ಬೇರು ಬಹಳ ದೂರ ಹೋಗುವುದರಿಂದ ಬಾವಿ, ಹಳ್ಳ, ನಳದ ತೇವ ಹುಡುಕಿಕೊಂಡಿರುತ್ತವೆ. ಹಳೆಯ ಬಾವಿ ಬತ್ತಿದಾಗ ಅಥವಾ ಮುಚ್ಚಿದಾಗ ದಂಡೆಯ ಆಲದ ಮರ ಸೊರಗುವುದಕ್ಕೆ ಇದೇ ಕಾರಣ.

ಬರದ ವರ್ಷದಲ್ಲಿ ಜನ ತಪ್ಪುವುದು ವೇಳೆಯಲ್ಲಿ. ಮೇ ತಿಂಗಳಲ್ಲಿ ಎಲೆ ಸುಟ್ಟ ಮೇಲೆ ನೀರು ತರುತ್ತಾರೆ. ಮಳೆ ಕೈಕೊಟ್ಟಿದೆ ಎಂಬುದು ದಸರೆಗೇ ಗೊತ್ತಾಗಿರುತ್ತದೆ. ನೆಲದಲ್ಲಿ ಇನ್ನೂ ಸ್ವಲ್ಪ ಹಸಿ ಇರುವಾಗ, ಅಂದರೆ ನವೆಂಬರ್-ಡಿಸೆಂಬರ್‌ನಲ್ಲಿ ಮೊದಲ ಸುತ್ತು, ಫೆಬ್ರುವರಿಯಲ್ಲಿ ಎರಡನೆಯದು, ಏಪ್ರಿಲ್‌ನಲ್ಲಿ ಮೂರನೆಯದು ಹಾಕಿದರೆ ಮರ ಬೇಸಿಗೆ ದಾಟುತ್ತದೆ.

ಒಂದು ಮಾತು ಇಲ್ಲಿ ಹೇಳಬೇಕು. ಶಿವರಾತ್ರಿ ಸುಮಾರಿಗೆ ಬೇವು ಎಲೆ ಉದುರಿಸುತ್ತದೆ, ಯುಗಾದಿಗೆ ಚಿಗುರಿ ಹೂ ಬಿಡುತ್ತದೆ. ಅರಳಿ ಕೂಡ ಹಾಗೆಯೇ. ಇದು ರೋಗವಲ್ಲ. ಎಲೆ ಉದುರಿಸುವುದು ಮರ ನೀರು ಉಳಿಸುವ ಉಪಾಯ. ಏಪ್ರಿಲ್ ಕೊನೆಗೂ ಚಿಗುರದ ಕೊಂಬೆಯನ್ನು ಉಗುರಿನಿಂದ ಕೆರೆದು ನೋಡಬೇಕು. ತೊಗಟೆಯ ಕೆಳಗೆ ಹಸಿರು ಕಂಡರೆ ಜೀವ ಇದೆ, ಕಂದು ಬಣ್ಣಕ್ಕೆ ತಿರುಗಿ ಚಟ್ಟನೆ ಮುರಿದರೆ ಅದು ಸತ್ತ ಕೊಂಬೆ.

ಮಳೆ ನೀರನ್ನು ಮರದ ಕಡೆ ತಿರುಗಿಸಲು ಖರ್ಚೇ ಇಲ್ಲ. ಒಂದು ಚದರ ಮೀಟರ್ ತಗಡಿನ ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್. 50 ಚದರ ಮೀಟರಿನ ಮನೆಯ ಮೇಲೆ 20 ಮಿ.ಮೀ. ಮಳೆ ಬಿದ್ದರೆ 1,000 ಲೀಟರ್. ಅದರಲ್ಲಿ ಸ್ವಲ್ಪ ಚೆಲ್ಲಿ ಹೋದರೂ ಪಟ್ಟಿಯ ಒಂದು ಪಾಲು ತೋಯುತ್ತದೆ. ಬೋರಿನ ನೀರು ಸವಳು ಇರುವ ಮನೆಯವರಿಗೆ ಇದು ಇನ್ನೂ ಅಗತ್ಯ. ಸವಳು ನೀರು ಹಾಕಿದ ನೆಲದ ಮೇಲೆ ಬಿಳಿ ಪುಡಿ ಕಾಣಿಸಿಕೊಂಡರೆ, ಎಲೆಯ ಅಂಚು ಸುಡತೊಡಗಿದರೆ, ಆ ಉಪ್ಪನ್ನು ಬೇರಿಗಿಂತ ಕೆಳಕ್ಕೆ ತೊಳೆಯುವುದು ಮಳೆ ನೀರು ಮಾತ್ರ.

ನೆಲಕ್ಕೆ ಹೊದಿಕೆ

ಜತ್ತದ ದಾಳಿಂಬೆ, ದ್ರಾಕ್ಷಿ ತೋಟದವರಿಗೆ ಡ್ರಿಪ್, ಹೊದಿಕೆ ಎಲ್ಲ ಗೊತ್ತಿದೆ. ಅದೇ ರೈತನ ಮನೆ ಮುಂದೆ ಮಾತ್ರ ಮರದ ಕೆಳಗಿನ ತರಗೆಲೆಯನ್ನು ಮುಂಜಾನೆ ಗುಡಿಸಿ ಬೆಂಕಿ ಹಚ್ಚುತ್ತಾರೆ. ಅಂಗಳ ಚೊಕ್ಕ ಇರಬೇಕು, ಒಪ್ಪಬೇಕಾದ ಮಾತೇ. ಹಾವು-ಚೇಳಿನ ಭಯವೂ ಸುಳ್ಳಲ್ಲ. ಅದಕ್ಕೆ ಬಾಗಿಲ ಮುಂದಿನ ಭಾಗ ಚೊಕ್ಕ ಇಟ್ಟು, ನೀರು ಹಾಕುವ ಪಟ್ಟಿಯ ಮೇಲೆ ಮಾತ್ರ ಮೂರು-ನಾಲ್ಕು ಇಂಚು ತರಗೆಲೆ, ಶೇಂಗಾ ಹೊಟ್ಟು ಅಥವಾ ಕಬ್ಬಿನ ರವದಿ ಹಾಸಿ, ಮೇಲೆ ಒಂದಿಷ್ಟು ಮಣ್ಣು ಎರಚಿದರೆ ಗಾಳಿಗೆ ಹಾರುವುದಿಲ್ಲ. ಎರಿ ಭೂಮಿಯ ಬಿರುಕಿಗೆ ಮೊದಲು ಸಡಿಲ ಮಣ್ಣು ತುಂಬಿ ಆಮೇಲೆ ಹೊದಿಕೆ ಹಾಕಬೇಕು. ಬುಡಕ್ಕೆ ಆನಿಸಿ ಮಾತ್ರ ಹಾಕಬಾರದು. ಒಂದು ಅಡಿ ಜಾಗ ಬಿಡದಿದ್ದರೆ ತೊಗಟೆ ಕೊಳೆಯುತ್ತದೆ, ಗೆದ್ದಲು ಹತ್ತುತ್ತದೆ.

ಬುಡದಲ್ಲಿ ಕಸ ಸುಡುವುದಂತೂ ಮರವನ್ನು ಕೊಲ್ಲುವ ಅತಿ ಸುಲಭದ ದಾರಿ. ತೊಗಟೆಯ ಕೆಳಗಿನ ಜೀವಂತ ಪದರ ಬಹಳ ತೆಳು. ಮೇಲೆ ಕರಿ ಹಿಡಿದದ್ದು ಮಾತ್ರ ಕಾಣುತ್ತದೆ, ಒಳಗೆ ಆ ಭಾಗ ಬೆಂದು ಹೋಗಿರುತ್ತದೆ.

ಕಟ್ಟೆ, ಕಾಂಕ್ರೀಟ್, ಜೆಸಿಬಿ

ಮರಕ್ಕೆ ಕಟ್ಟೆ (ಮರಾಠಿಯಲ್ಲಿ ಪಾರ) ಕಟ್ಟುವುದು ಪುಣ್ಯದ ಕೆಲಸವೆಂದು ಹಿಂದಿನಿಂದ ಬಂದ ನಂಬಿಕೆ. ಹಳೆಯ ಕಟ್ಟೆಗಳನ್ನು ನೋಡಿದರೆ ಗಾರೆ ಇಲ್ಲದ ಒಣಕಲ್ಲಿನ ಜೋಡಣೆ. ಕಲ್ಲಿನ ಸಂದಿಯಿಂದ ನೀರೂ ಗಾಳಿಯೂ ಒಳಗೆ ಹೋಗುತ್ತಿತ್ತು. ಈಗಿನದು ಸಿಮೆಂಟು, ಮೇಲೆ ಟೈಲ್ಸ್. ಒಳಗೆ ಎರಡು-ಮೂರು ಅಡಿ ಮುರುಮ ತುಂಬಿ ಬಡಿದು, ಬುಡದವರೆಗೂ ಗಿಲಾಯಿ ಮಾಡಿ ಬಿಡುತ್ತಾರೆ. ಮಣ್ಣಿನಲ್ಲಿ ಹೂತ ತೊಗಟೆ ಕೊಳೆಯುತ್ತದೆ, ಕೆಳಗಿನ ಬೇರಿಗೆ ಉಸಿರು ಸಿಗುವುದಿಲ್ಲ. ಅರಳಿ, ಆಲ ಹೊಸ ಬೇರು ಬಿಟ್ಟು ಕಟ್ಟೆಯನ್ನೇ ಒಡೆದು ಬದುಕುತ್ತವೆ. ಬೇವು, ಹುಣಸಿಗೆ ಆ ಶಕ್ತಿ ಇಲ್ಲ.

ದಿಲ್ಲಿಯಲ್ಲಿ ಇದೇ ಪ್ರಶ್ನೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಮುಂದೆ ಬಂದಿತ್ತು. ಮರದ ಸುತ್ತ ಒಂದು ಮೀಟರ್ ಒಳಗಿನ ಕಾಂಕ್ರೀಟ್ ಕಿತ್ತು ತೆಗೆಯಬೇಕೆಂದು ನ್ಯಾಯಮಂಡಳಿ 2013ರಲ್ಲಿ ಆದೇಶಿಸಿತು. ಒಂದು ಮೀಟರ್ ಎಂಬುದು ಕನಿಷ್ಠ ಲೆಕ್ಕ. ಊರಿನಲ್ಲಿ ಓಣಿಗೆ ಕಾಂಕ್ರೀಟ್ ಅಥವಾ ಸಿಮೆಂಟಿನ ಗಟ್ಟು ಹಾಕುವ ಕೆಲಸ ಮಂಜೂರಾದಾಗ ಮರದ ಮಾಲೀಕರು ಗ್ರಾಮ ಪಂಚಾಯಿತಿಗೆ ಮೊದಲೇ ಹೇಳಿ, ಬುಡದ ಸುತ್ತ ಎಷ್ಟು ಸಾಧ್ಯವೋ ಅಷ್ಟು ಮಣ್ಣು ಬಿಡಿಸಿಕೊಳ್ಳಬೇಕು. ಕಾಂಕ್ರೀಟ್ ಬಿದ್ದ ಮೇಲೆ ಒಡೆಸುವುದು ಯಾರಿಂದಲೂ ಆಗುವುದಿಲ್ಲ. ಮನೆಯಂಗಳಕ್ಕೆ ಹಾಸುಗಲ್ಲು ಬೇಕೇ ಬೇಕೆಂದರೆ ಉಸುಕಿನ ಮೇಲೆ, ಸಂದಿ ಬಿಟ್ಟು ಶಹಾಬಾದ ಕಲ್ಲು ಹಾಸಬಹುದು.

ನಳದ ಪೈಪು, ಶೌಚಾಲಯದ ಗುಂಡಿ, ಹೊಸ ಕೋಣೆಯ ಪಾಯ ಇವೆಲ್ಲ ಬೇರಿಗೆ ಬೀಳುವ ಪೆಟ್ಟುಗಳು. ಎಷ್ಟು ದೂರ ಬಿಡಬೇಕೆಂಬುದಕ್ಕೆ ಒಂದು ಸರಳ ಲೆಕ್ಕವಿದೆ. ಎದೆಯ ಎತ್ತರದಲ್ಲಿ ಕಾಂಡಕ್ಕೆ ಹಗ್ಗ ಸುತ್ತಿ ಅಳೆಯಬೇಕು. ಆ ಅಳತೆಯನ್ನು ಸುಮಾರು ಮೂರರಿಂದ ಭಾಗಿಸಿದರೆ ಕಾಂಡದ ಅಗಲ. ಅಗಲ ಎಷ್ಟು ಇಂಚೋ ಅಷ್ಟು ಅಡಿ ದೂರದವರೆಗೆ ಅಗೆಯದಿರುವುದು ಒಳ್ಳೆಯದು. ಸುತ್ತಳತೆ ಆರು ಅಡಿ ಇದ್ದರೆ ಅಗಲ ಸುಮಾರು 23 ಇಂಚು, ಬಿಡಬೇಕಾದ್ದು 23 ಅಡಿ. ಹಳ್ಳಿಯ ಸಣ್ಣ ಜಾಗದಲ್ಲಿ ಇದು ಕಷ್ಟ. ಕನಿಷ್ಠ ಒಂದೇ ಬದಿಗೆ ಅಗೆಯಬೇಕು, ಉಳಿದ ಮೂರು ಬದಿ ಮುಟ್ಟಬಾರದು. ಬುಡದ ಹತ್ತಿರ ಜೆಸಿಬಿ ಬದಲು ಸಲಿಕೆ, ಗುದ್ದಲಿಯಿಂದ ಅಗೆದು ದಪ್ಪ ಬೇರಿನ ಕೆಳಗಿನಿಂದ ಪೈಪು ತೂರಿಸಬಹುದು. ಕತ್ತರಿಸಲೇಬೇಕಾದ ಬೇರನ್ನು ಗರಗಸದಿಂದ ಸಾಫಾಗಿ ಕತ್ತರಿಸಿ, ಅದೇ ದಿನ ಮಣ್ಣು ಮುಚ್ಚಿ ನೀರು ಹಾಕಬೇಕು. ಜೆಸಿಬಿಯ ಹಲ್ಲು ಬೇರನ್ನು ಕತ್ತರಿಸುವುದಿಲ್ಲ, ಬುಡದವರೆಗೂ ಸೀಳುತ್ತದೆ.

ಇದೇ ಜಿಲ್ಲೆಯ ಮಿರಜ ತಾಲೂಕಿನ ಭೋಸೆಯ ಆಲದ ಮರದ ಕಥೆ ಹಲವರಿಗೆ ಗೊತ್ತು. ಸುಮಾರು 400 ವರ್ಷದ್ದು ಎನ್ನಲಾದ ಆ ಮರ ರತ್ನಾಗಿರಿ-ನಾಗಪುರ ಹೆದ್ದಾರಿಯ ದಾರಿಗೆ ಅಡ್ಡ ಬಂದಿತ್ತು. 2020ರಲ್ಲಿ ಊರವರು, ಪರಿಸರಪ್ರಿಯರು ಹೋರಾಡಿದರು, ರಸ್ತೆಯ ಗುರುತೇ ಬದಲಾಯಿತು, ಮರ ಉಳಿಯಿತು. ಆದರೆ 2022ರಲ್ಲಿ ಅದು ತಾನಾಗಿ ಉರುಳಿ ಬಿತ್ತು. ಕೊಡಲಿ ತಪ್ಪಿದ ಮಾತ್ರಕ್ಕೆ ಹಳೆಯ ಮರ ಉಳಿಯಿತೆಂದು ಹೇಳಲಾಗುವುದಿಲ್ಲ.

ಕುರಿಗೆ ಸೊಪ್ಪು, ಮರಕ್ಕೆ ಕೊಡಲಿ

ಬರ ಬಂದಾಗ ನಿಜವಾದ ಇಕ್ಕಟ್ಟು ಇಲ್ಲಿದೆ. ಮಾಡಗ್ಯಾಳ ಕುರಿಗೆ ಹೆಸರಾದ ಸೀಮೆ ಇದು. ಹೊಲದಲ್ಲಿ ಹಸಿರು ಇಲ್ಲದಾಗ ಆಡು-ಕುರಿಗೆ ಉಳಿಯುವುದು ಮರದ ಸೊಪ್ಪು ಮಾತ್ರ. ಕುರಿ ಸಾಯಲಿ, ಮರ ಉಳಿಯಲಿ ಎಂದು ಯಾರೂ ಹೇಳಲಾರರು. ಆದರೆ ಮರವನ್ನು ಬೋಳು ಮಾಡದೆಯೂ ಸೊಪ್ಪು ಪಡೆಯಬಹುದು.

ರಾಜಸ್ಥಾನದ ಥಾರ್ ಮರುಭೂಮಿಯವರು ಖೇಜಡಿ ಮರದಿಂದ ಇದನ್ನೇ ಮಾಡುತ್ತಾರೆ. ಖೇಜಡಿ ಅಂದರೆ ಬೇರೆಯದಲ್ಲ, ದಸರೆಗೆ ಪೂಜೆ ಮಾಡುವ ನಮ್ಮ ಬನ್ನಿಯೇ. 1730ರಲ್ಲಿ ಜೋಧಪುರ ಹತ್ತಿರದ ಖೇಜಡಲಿಯಲ್ಲಿ ಇದೇ ಮರಗಳನ್ನು ಅಪ್ಪಿಕೊಂಡು ಅಮೃತಾದೇವಿ ಮೊದಲಾಗಿ 363 ಬಿಷ್ಣೋಯಿಗಳು ಪ್ರಾಣ ಕೊಟ್ಟರು. ಅಲ್ಲಿಯ ರೈತ ಖೇಜಡಿಯ ಸೊಪ್ಪನ್ನು ಸವರುವುದು ಚಳಿಗಾಲದಲ್ಲಿ. ಆ ಸೊಪ್ಪನ್ನು ಒಣಗಿಸಿ ಇಟ್ಟುಕೊಂಡು ಮುಂದೆ ಮೇವಿಗೆ ಬಳಸುತ್ತಾನೆ. ಬೇಸಿಗೆಗೆ ಮರ ಮತ್ತೆ ಹಸಿರಾಗಿರುತ್ತದೆ. ನಮ್ಮಲ್ಲಿ ಸವರುವುದು ಏಪ್ರಿಲ್-ಮೇನಲ್ಲಿ. ಆಗ ಮರದ ಕೈಯಲ್ಲಿ ಉಳಿತಾಯವೇ ಇರುವುದಿಲ್ಲ. ನೆರಳಿನಲ್ಲಿದ್ದ ತೊಗಟೆಗೆ ಇದ್ದಕ್ಕಿದ್ದಂತೆ ಬಿಸಿಲು ಬಿದ್ದು, ಮುಖ್ಯವಾಗಿ ಪಡುವಣ ಬದಿಗೆ, ಅದು ಸೀಳಿ ಹೋಗುತ್ತದೆ. ಅಂಥ ಸೀಳಿನಲ್ಲೇ ಹುಳು ಮೊಟ್ಟೆ ಇಡುವುದು.

ಆದ್ದರಿಂದ ಡಿಸೆಂಬರ್-ಜನವರಿಯಲ್ಲಿ ಸವರಬೇಕು, ಒಂದು ವರ್ಷಕ್ಕೆ ಒಟ್ಟು ಸೊಪ್ಪಿನ ಕಾಲು ಭಾಗಕ್ಕಿಂತ ಹೆಚ್ಚು ತೆಗೆಯಬಾರದು. ತುದಿ ಕೊಂಬೆ ಬಿಡಬೇಕು. ಬೇಸಿಗೆಯಲ್ಲಿ ತೀರಾ ಅನಿವಾರ್ಯವಾದರೆ ಪೂರ್ವ ಮತ್ತು ಉತ್ತರದ ಒಳಗಿನ ಸಣ್ಣ ರೆಂಬೆ ತೆಗೆದು, ಬಿಸಿಲಿಗೆ ಬಂದ ಕಾಂಡಕ್ಕೆ ಸುಣ್ಣ ಬಳಿಯಬೇಕು. ರಸ್ತೆ ಬದಿಯ ಮರಗಳಿಗೆ ಕೆಮ್ಮಣ್ಣು-ಸುಣ್ಣ ಬಳಿಯುವುದನ್ನು ಎಲ್ಲರೂ ನೋಡಿದ್ದಾರೆ. ಬಿಳಿ ಬಣ್ಣ ಬಿಸಿಲನ್ನು ಹಿಂದಕ್ಕೆ ಕಳಿಸುತ್ತದೆ. ಬಣ್ಣದ ಅಂಗಡಿಯ ಆಯಿಲ್ ಪೇಂಟ್ ಮಾತ್ರ ಬಳಿಯಬಾರದು.

ಕೊಂಬೆ ಕಡಿಯುವ ರೀತಿ

ಕೊಂಬೆ ಕಾಂಡಕ್ಕೆ ಸೇರುವಲ್ಲಿ ಸ್ವಲ್ಪ ಉಬ್ಬಿದ ಒಂದು ಬಳೆ ಇರುತ್ತದೆ. ಗಾಯ ಮುಚ್ಚುವ ಶಕ್ತಿ ಇರುವುದು ಆ ಬಳೆಗೆ. ಅದನ್ನು ಬಿಟ್ಟು, ಅದರ ಹೊರಗೆ ಕತ್ತರಿಸಬೇಕು. ಕಾಂಡಕ್ಕೆ ಸಮನಾಗಿ ಕತ್ತರಿಸಿದರೂ ತಪ್ಪು, ಒಂದು ಮೊಳ ಗೂಟ ಬಿಟ್ಟರೂ ತಪ್ಪು. ದಪ್ಪ ಕೊಂಬೆಯಾದರೆ ಮೊದಲು ಒಂದು ಅಡಿ ದೂರದಲ್ಲಿ ಕೆಳಗಿನಿಂದ ಮೂರನೇ ಒಂದು ಭಾಗ ಗರಗಸ ಹಾಕಿ, ಆಮೇಲೆ ಸ್ವಲ್ಪ ಆಚೆ ಮೇಲಿನಿಂದ ಕತ್ತರಿಸಿ ಭಾರ ಇಳಿಸಬೇಕು. ಕೊನೆಗೆ ಉಳಿದ ಗೂಟವನ್ನು ಬಳೆಯ ಹತ್ತಿರ ತೆಗೆಯಬೇಕು. ಒಮ್ಮೆಲೇ ಮೇಲಿನಿಂದ ಕಡಿದರೆ ಕೊಂಬೆ ಬೀಳುವಾಗ ಕಾಂಡದ ತೊಗಟೆಯನ್ನೂ ಸೀಳಿಕೊಂಡು ಹೋಗುತ್ತದೆ.

ಅಮೆರಿಕದ ಅರಣ್ಯ ಇಲಾಖೆಯ ವಿಜ್ಞಾನಿ ಅಲೆಕ್ಸ್ ಶೈಗೊ ಸಾವಿರಾರು ಮರಗಳನ್ನು ಸೀಳಿ ನೋಡಿ 1970ರ ದಶಕದಲ್ಲಿ ತೋರಿಸಿದ್ದು ಇದನ್ನೇ: ಮರದ ಗಾಯ ನಮ್ಮ ಗಾಯದಂತೆ ಮಾಯುವುದಿಲ್ಲ, ಮರ ಅದರ ಸುತ್ತ ಗೋಡೆ ಕಟ್ಟಿ ಕೊಳೆ ಮುಂದೆ ಹೋಗದಂತೆ ತಡೆಯುತ್ತದೆ. ಗಾಯಕ್ಕೆ ಡಾಂಬರು, ಸಗಣಿ ಬಳಿಯುವುದರಿಂದ ಲಾಭವಿಲ್ಲ. ಟೊಳ್ಳು ಬಿದ್ದ ಕಾಂಡದಲ್ಲಿ ಸಿಮೆಂಟು ತುಂಬುವುದು ಇನ್ನೂ ಕೆಟ್ಟದ್ದು. ಗಾಳಿಗೆ ಮರ ತೂಗಾಡಿದಾಗ ಸಿಮೆಂಟು ಒಳಗಿನಿಂದ ಉಜ್ಜುತ್ತದೆ. ಟೊಳ್ಳಿದ್ದ ಮಾತ್ರಕ್ಕೆ ಮರ ಸತ್ತಿಲ್ಲ. ಹೊರಗಿನ ಗೋಡೆ ಗಟ್ಟಿ ಇದ್ದರೆ ಟೊಳ್ಳು ಹುಣಸಿ ಎಷ್ಟೋ ವರ್ಷ ಕಾಯಿ ಕೊಡುತ್ತದೆ.

ಹುಳು, ಗೆದ್ದಲು, ತುದಿ ಒಣಗುವ ರೋಗ

ಗೆದ್ದಲು ಕಂಡೊಡನೆ ಗಾಬರಿಯಾಗಬೇಕಿಲ್ಲ. ಅದು ಹೆಚ್ಚಾಗಿ ಸತ್ತ ತೊಗಟೆ, ಸತ್ತ ಕಟ್ಟಿಗೆಯನ್ನೇ ತಿನ್ನುತ್ತದೆ. ಮಣ್ಣಿನ ಹಾದಿಯನ್ನು ಗೋಣಿಚೀಲದಿಂದ ಉಜ್ಜಿ ತೆಗೆದು, ಒಣ ಕೊಂಬೆ ತೆಗೆಸಿದರೆ ಬಹಳ ಸಲ ಅಷ್ಟಕ್ಕೇ ನಿಲ್ಲುತ್ತದೆ. ಆದರೆ ಅಲಕ್ಷ್ಯ ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ತೆಲಂಗಾಣದ ಮಹಬೂಬನಗರದ ಪಿಲ್ಲಲಮರ್ರಿ ಆಲದ ಮರ ಸಾಕ್ಷಿ. ಸುಮಾರು 700 ವರ್ಷದ್ದು ಎನ್ನುವ ಆ ಮರಕ್ಕೆ ಗೆದ್ದಲು ಹತ್ತಿ ಕೊಂಬೆ ಮುರಿದಾಗ 2018ರಲ್ಲಿ ಆಸ್ಪತ್ರೆಯ ರೋಗಿಗೆ ಹಾಕಿದಂತೆ ಸಲಾಯಿನ್ ಬಾಟಲಿಗಳಿಂದ ಔಷಧಿ ಇಳಿಸಬೇಕಾಯಿತು.

ಮಾವಿನ ಕಾಂಡದಲ್ಲಿ ರಂಧ್ರ ಬಿದ್ದು ಹೊಟ್ಟು ಸುರಿಯುತ್ತಿದ್ದರೆ ಅದು ಕಾಂಡ ಕೊರೆಯುವ ಹುಳು. ತಂತಿ ತೂರಿಸಿ ಹುಳು ತೆಗೆದು, ಸೀಮೆಎಣ್ಣೆ ಅಥವಾ ಪೆಟ್ರೋಲಿನಲ್ಲಿ ಅದ್ದಿದ ಹತ್ತಿ ತುರುಕಿ ಹಸಿಮಣ್ಣು ಮೆತ್ತಬೇಕು. ಆ ಹೊತ್ತಿನಲ್ಲಿ ಹತ್ತಿರ ಬೀಡಿ ಸೇದಬಾರದು ಎಂದು ಬೇರೆ ಹೇಳಬೇಕಾಗಿಲ್ಲ. ಅಂಟು ಸೋರುವ ಕಾಂಡಕ್ಕೆ ಬೋರ್ಡೋ ಮುಲಾಮು, ಅಂದರೆ ಒಂದು ಕಿಲೊ ಮೈಲುತುತ್ತ, ಒಂದು ಕಿಲೊ ಸುಣ್ಣ, ಹತ್ತು ಲೀಟರ್ ನೀರು ಪ್ಲಾಸ್ಟಿಕ್ ಬಕೆಟಿನಲ್ಲಿ ಕಲಸಿ ಬಳಿಯಬಹುದು. ದ್ರಾಕ್ಷಿ ಬೆಳೆಗಾರರಿಗೆ ಇದು ಹೊಸದಲ್ಲ.

ಬೇವಿನ ತುದಿಗಳು ಬೆಂಕಿ ತಾಗಿದಂತೆ ಒಣಗುವುದು ಇತ್ತೀಚಿನ ವರ್ಷಗಳಲ್ಲಿ ಹೆಚ್ಚು ಕಾಣುತ್ತಿದೆ. ಇದು ಫೋಮಾಪ್ಸಿಸ್ ಎಂಬ ಶಿಲೀಂಧ್ರದ ರೋಗ. ಇದನ್ನು ಮೈಸೂರಿನ ಸಂಶೋಧಕರು 1997ರಲ್ಲೇ ಗುರುತಿಸಿ ಹೆಸರಿಟ್ಟಿದ್ದರು. 2021ರಲ್ಲಿ ತೆಲಂಗಾಣದ ತುಂಬ ಬೇವಿನ ಮರಗಳು ಒಣಗಿದಂತೆ ಕಂಡು ಜನ ಹೆದರಿದ್ದರು. ಮಳೆಗಾಲದಲ್ಲಿ ಹರಡುತ್ತದೆ, ಟೀ ಸೊಳ್ಳೆ ಎಂಬ ತಿಗಣೆಯ ಕಾಟವೂ ಜೊತೆಗೆ ಸೇರುತ್ತದೆ. ದೊಡ್ಡ ಮರಕ್ಕೆ ಔಷಧಿ ಸಿಂಪಡಿಸುವುದು ಅಂಗಳದಲ್ಲಿ ಆಗದ ಮಾತು, ಮಕ್ಕಳಿರುವ ಮನೆಯಲ್ಲಿ ಬೇಡವೂ ಬೇಡ. ಕೈಗೆಟಕುವ ಒಣ ತುದಿಗಳನ್ನು ಹಸಿರು ಭಾಗದವರೆಗೆ ಕತ್ತರಿಸಿ ದೂರ ಒಯ್ದು ಸುಡಬೇಕು. ಬೇರಿನಲ್ಲಿ ಶಕ್ತಿ ಇರುವ ಬೇವು ಬಹಳ ಮಟ್ಟಿಗೆ ಮುಂದಿನ ಬೇಸಿಗೆಗೆ ತಾನೇ ಚಿಗುರುತ್ತದೆ. ಚಿಗುರದೆ ಉಳಿದ ಮರದ ಕೆಳಗೆ ನೋಡಿದರೆ ಮೇಲೆ ಹೇಳಿದ ಕಾಂಕ್ರೀಟೋ ಕಾಲುವೆಯೋ ಸಿಗುವುದೇ ಹೆಚ್ಚು.

ಮೊಳೆ, ತಂತಿ, ದೀಪ

ಬಟ್ಟೆ ಒಣಗಿಸುವ ತಂತಿ, ಎಮ್ಮೆ ಕಟ್ಟುವ ಸರಪಳಿ ಕಾಂಡದ ಸುತ್ತ ಬಿಗಿದಿದ್ದರೆ ಮರ ದಪ್ಪವಾಗುತ್ತಾ ಹೋದಂತೆ ತಂತಿ ಒಳಗೆ ಕುಳಿತು ಕತ್ತು ಹಿಸುಕುತ್ತದೆ. ಕಟ್ಟಲೇಬೇಕಾದರೆ ಹಳೆಯ ಟೈರಿನ ಪಟ್ಟಿ ಸಡಿಲವಾಗಿ ಹಾಕಿ ಪ್ರತಿ ವರ್ಷ ಬಿಚ್ಚಿ ಕಟ್ಟಬೇಕು. ವಟಪೂರ್ಣಿಮೆಗೆ ಹತ್ತಿ ನೂಲು ಸುತ್ತುವುದರಿಂದ ಆಲಕ್ಕೆ ತೊಂದರೆ ಇಲ್ಲ, ಮಳೆಗೆ ಕೊಳೆತು ಬೀಳುತ್ತದೆ. ನೈಲಾನ್ ದಾರ ಬೀಳುವುದಿಲ್ಲ. ಮರದ ಹತ್ತಿರ ಹೋಗಲಾರದವರು ಮನೆಯಲ್ಲಿ ಪೂಜಿಸಲು ರೆಂಬೆ ಮುರಿದು ತರಬಾರದು. ದಸರೆಗೆ ಕನ್ನಡದವರು ಬನ್ನಿಯನ್ನು, ಮರಾಠಿಯವರು ಆಪಟಾ ಎಲೆಯನ್ನು ಬಂಗಾರವೆಂದು ಹಂಚುತ್ತಾರೆ. ಗಡಿ ಊರುಗಳಲ್ಲಿ ಎರಡೂ ನಡೆಯುತ್ತದೆ, ಎರಡೂ ಮರ ಬೋಳಾಗುತ್ತವೆ. ಕೈಗೆ ಬಂದಷ್ಟು ಎಲೆ ಕಿತ್ತರೆ ಸಾಕು, ಟೊಂಗೆ ಕಡಿಯಬೇಕಿಲ್ಲ. ಬುಡದ ಪೊಟರೆಯೊಳಗೆ ದೀಪ, ಕರ್ಪೂರ ಇಡುವ ಬದಲು ಎದುರಿಗೆ ಕಲ್ಲಿನ ಮೇಲೆ ಇಡಬಹುದು.

ಬಿರುಗಾಳಿಗೆ ಮುನ್ನ

ಮರಾಠಿಯಲ್ಲಿ ವಳೀವ ಎನ್ನುವ ಬೇಸಿಗೆಯ ಕೊನೆಯ ಮಳೆ ಬಿರುಗಾಳಿಯೊಂದಿಗೇ ಬರುತ್ತದೆ. ಯುಗಾದಿ ಆದ ಮೇಲೆ ಒಮ್ಮೆ ಮರದ ಸುತ್ತ ತಿರುಗಿ ನೋಡಬೇಕು. ತೂಗಾಡುವ ಒಣ ಕೊಂಬೆ, ಎರಡು ಕವಲಿನ ನಡುವೆ ಬಿರುಕು, ಬುಡದಲ್ಲಿ ನಾಯಿಕೊಡೆ, ಒಂದು ಬದಿಗೆ ನೆಲ ಎದ್ದಂತೆ ಕಾಣುವುದು, ಇದ್ದಕ್ಕಿದ್ದಂತೆ ವಾಲುವುದು ಇವು ಅಪಾಯದ ಗುರುತು. ಕೊನೆಯ ಎರಡು ಕಂಡರೆ ಅದರ ಕೆಳಗೆ ಮಲಗಬಾರದು, ದನ ಕಟ್ಟಬಾರದು. ಹುಟ್ಟಿನಿಂದಲೇ ವಾಲಿ ಬೆಳೆದ ಮರದ ಮಾತು ಬೇರೆ. ವಿದ್ಯುತ್ ತಂತಿಗೆ ತಾಗುವ ಕೊಂಬೆಯನ್ನು ಸ್ವತಃ ಕಡಿಯಲು ಹೋಗಬಾರದು; ಮಹಾವಿತರಣದ, ಗಡಿಯಾಚೆ ಹೆಸ್ಕಾಂನ ಲೈನ್‌ಮನ್‌ಗೆ ಹೇಳಿ ಲೈನ್ ಬಂದ್ ಮಾಡಿಸಿಯೇ ತೆಗೆಸಬೇಕು.

ಬಿದ್ದ ದೊಡ್ಡ ಮರ ಮತ್ತೆ ನಿಲ್ಲಿಸಿದ ಉದಾಹರಣೆ ಇದೆ. ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ನೂರಾರು ವರ್ಷದ ಮೂರು ದೊಡ್ಡಹುಣಸೆ ಮರಗಳಲ್ಲಿ ಒಂದು 2023ರ ಜುಲೈ ಮಳೆಗೆ ಉರುಳಿದಾಗ ಅದನ್ನು ಎತ್ತಿ ಮತ್ತೆ ನೆಡಲಾಯಿತು. ಅದಕ್ಕೆ ಕ್ರೇನ್, ಅರಣ್ಯ ಇಲಾಖೆ, ಊರ ಜನ ಎಲ್ಲ ಬೇಕಾಯಿತು. ಮನೆಯಂಗಳದ ಬೇವಿಗೆ ಅಷ್ಟು ಯಾರೂ ಬರುವುದಿಲ್ಲ.

ಕಡಿಯಲೇಬೇಕಾದರೆ

ಮರ ಸ್ವಂತದ್ದಾದರೂ ಎಲ್ಲವನ್ನೂ ಕೇಳದೆ ಕಡಿಯುವಂತಿಲ್ಲ. ಮಹಾರಾಷ್ಟ್ರದಲ್ಲಿ 1964ರ ವೃಕ್ಷ ಕಡಿತ ನಿಯಂತ್ರಣ ಕಾಯ್ದೆಯ ಪಟ್ಟಿಯಲ್ಲಿ ಮಾವು, ಹುಣಸಿ, ನೇರಳೆ ಮೊದಲಾದ ಮರಗಳಿವೆ. ಇವುಗಳಿಗೆ ವೃಕ್ಷ ಅಧಿಕಾರಿಯ ಲಿಖಿತ ಪರವಾನಗಿ ಬೇಕು. ಪಟ್ಟಣಗಳಿಗೆ 1975ರ ಬೇರೆ ಕಾಯ್ದೆ ಇದೆ. 2021ರ ತಿದ್ದುಪಡಿಯಲ್ಲಿ 50 ವರ್ಷ ಮೀರಿದ ಮರಗಳನ್ನು ಪಾರಂಪರಿಕ ವೃಕ್ಷಗಳೆಂದು ಹೆಚ್ಚಿನ ರಕ್ಷಣೆ ಕೊಡಲಾಗಿದೆ, ಹಳ್ಳಿಗೆ ಅದು ಅನ್ವಯಿಸುವುದಿಲ್ಲ. ಹೊಲ ಗಡಿಯಾಚೆ ವಿಜಯಪುರ ಅಥವಾ ಬೆಳಗಾವಿ ಜಿಲ್ಲೆಯಲ್ಲಿದ್ದರೆ ಅಲ್ಲಿ ನಡೆಯುವುದು ಕರ್ನಾಟಕದ 1976ರ ಮರಗಳ ಸಂರಕ್ಷಣಾ ಕಾಯ್ದೆ, ಅರ್ಜಿ ಕೊಡುವುದು ಅಲ್ಲಿಯ ಅರಣ್ಯ ಅಧಿಕಾರಿಗೆ. ಒಂದೇ ಮನೆತನದ ಎರಡು ಮರಕ್ಕೆ ಎರಡು ಭಾಷೆಯಲ್ಲಿ ಎರಡು ಅರ್ಜಿ ಬರೆಯುವುದು ಈ ಭಾಗದವರಿಗೆ ರೂಢಿಯಾದ ಕೆಲಸ. ಪರವಾನಗಿ ಸಿಕ್ಕರೂ ಮರ ಪೂರ್ತಿ ಸತ್ತಿಲ್ಲವಾದರೆ ಬೇವು, ಹುಣಸಿಯನ್ನು ಬೇರುಸಹಿತ ಕೀಳಿಸದೆ ನೆಲದಿಂದ ಎರಡು-ಮೂರು ಅಡಿ ಬಿಟ್ಟು ಕಡಿಸುವುದು ಲೇಸು. ಮಳೆಗಾಲದಲ್ಲಿ ಬೊಡ್ಡೆಯಿಂದ ಬರುವ ಚಿಗುರುಗಳಲ್ಲಿ ಗಟ್ಟಿಯಾದ ಒಂದೆರಡನ್ನು ಉಳಿಸಿ ಉಳಿದದ್ದು ತೆಗೆದು, ಆಡು ಬಾಯಿ ಹಾಕದಂತೆ ಮುಳ್ಳು ಹಚ್ಚಬೇಕು. ಹಳೆಯ ಬೇರಿನ ಬಲದಿಂದ ಬೆಳೆಯುವ ಆ ಚಿಗುರು, ಪಕ್ಕದಲ್ಲಿ ನೆಟ್ಟ ಹೊಸ ಸಸಿಗಿಂತ ಬಹಳ ಬೇಗ ತಲೆ ಮೇಲೆ ನೆರಳು ಕೊಡುತ್ತದೆ.